ಶತ್ರುವೇ ಆಗಿದ್ದರೂ

ಜಪಾನಿನ ಬಾಂಬು ಬೀಳುತ್ತದೆಂದು ಮದ್ರಾಸಿನ ಜನ ಗಂಟುಮೂಟೆ ಕಟ್ಟಿದ ಬೇಸಿಗೆ ಅದು. ನಾನು ಅಲ್ಲಿನ ಸರ್ಕಾರಿ ಕಾಲೇಜಿನಲ್ಲಿ ಕಾನೂನು ಕಲಿಸುತ್ತಿದ್ದೆ. ರಾಜ್ಯಾಂಗದ ಕಾನೂನು, ರಾಷ್ಟ್ರಗಳ ನಡುವಿನ ಕಾನೂನು, ಎರಡೂ ನನ್ನ ಪಾಲಿಗೆ ಬಂದಿದ್ದವು. ಆ ವರ್ಷ ರಜೆ ಬೇಗ ಕೊಟ್ಟರು. ಲೈಬ್ರರಿಯ ಪುಸ್ತಕಗಳನ್ನು ಪೆಟ್ಟಿಗೆಗಳಿಗೆ ತುಂಬಿ, ಮೊಳೆ ಹೊಡೆದು, ಒಳನಾಡಿನ ಯಾವುದೋ ಊರಿಗೆ ಸಾಗಿಸಿದರು. ನಾನು ಒಂದು ಟ್ರಂಕು ಹಿಡಿದುಕೊಂಡು ಮಂಗಳೂರಿಗೆ, ಉರ್ವದ ನಮ್ಮ ಮನೆಗೆ ಬಂದೆ.

ಬಂದು ಹೆಚ್ಚು ಸಮಯ ಆಗಿರಲಿಲ್ಲ. ನಮ್ಮ ಮನೆಗೆ ವಾಡಿಕೆಯಾಗಿ ಮೀನು ತರುತ್ತಿದ್ದ ಹೆಂಗಸು ಒಂದು ಬೆಳಿಗ್ಗೆ ಬುಟ್ಟಿಯಿಲ್ಲದೆ ಬಂದಳು. ಅವಳ ಗಂಡ ಹೊಳೆಯ ಆಚೆ ಬೆಂಗರೆಯಲ್ಲಿ ತಂಡೇಲ, ಎಂದರೆ ದೋಣಿಯ ಮುಖ್ಯಸ್ಥ. ಅಮ್ಮ ಅವಳಿಗೆ ಜಗಲಿಯಲ್ಲಿ ಮಣೆ ಹಾಕಿದರು. ಅವಳು ಕೂರಲಿಲ್ಲ.

"ಧಣಿ, ನೀವು ದೊಡ್ಡ ಕಾನೂನು ಓದಿದವರು ಅಂತ ಅಮ್ಮ ಹೇಳ್ತಾರೆ," ಅಂದಳು. "ನಮ್ಮವರನ್ನು ಪೊಲೀಸರು ಹಿಡಿದುಕೊಂಡು ಹೋದ್ರು. ಜತೆಗಿದ್ದ ಮೂವರನ್ನೂ. ದೋಣಿಯನ್ನೂ ಎಳೆದುಕೊಂಡು ಹೋದ್ರು."

"ಎಂತ ಮಾಡಿದ್ರು ಅಕ್ಕ?"

"ಕಡಲಲ್ಲಿ ಸಾಯ್ತಾ ಇದ್ದ ಒಬ್ಬನನ್ನು ಎತ್ತಿಕೊಂಡು ಬಂದ್ರು. ಅವ ನಮ್ಮ ಸರ್ಕಾರಕ್ಕೆ ವೈರಿಯಂತೆ."

ಸಂಗತಿ ಇಷ್ಟು. ಯುದ್ಧ ಶುರುವಾದಾಗ ಶತ್ರುದೇಶಗಳ ಕೆಲವು ಹಡಗುಗಳು ಗೋವೆಯ ಬಂದರನ್ನು ಹೊಕ್ಕು ಅಲ್ಲೇ ಉಳಿದಿದ್ದವು. ಗೋವೆ ಪೋರ್ಚುಗೀಸರದು; ಅವರು ಯಾವ ಪಕ್ಷವನ್ನೂ ಸೇರಿರಲಿಲ್ಲ. ಅಲ್ಲಿಂದ ಇಟಲಿಯ ನಾವಿಕನೊಬ್ಬ ಸಣ್ಣ ದೋಣಿಯಲ್ಲಿ ಹೊರಬಿದ್ದು, ಗಾಳಿಗೆ ಸಿಕ್ಕಿ, ಪಟ ಕಳೆದುಕೊಂಡು ತೆಂಕಣಕ್ಕೆ ತೇಲಿ ಬಂದಿದ್ದ. ತಂಡೇಲನ ದೋಣಿಯವರು ಅವನನ್ನು ಎತ್ತಿ ತಂದು ತಮ್ಮ ಗುಡಿಸಲಿನಲ್ಲಿ ಮಲಗಿಸಿದರು. ಮಾರನೆಯ ದಿನ ಯಾರೋ ಹೇಳಿ ಪೊಲೀಸರಿಗೆ ಗೊತ್ತಾಯಿತು. ಗೂಢಚಾರನನ್ನು ದಡಕ್ಕೆ ಇಳಿಸಿಕೊಂಡರು ಎಂಬುದು ಪೊಲೀಸರ ಕಥೆ. ಭಾರತ ರಕ್ಷಣಾ ನಿಯಮಗಳ ಕೆಳಗೆ ಎರಡು ಆರೋಪ ಹೊರಿಸಿದ್ದರು: ಶತ್ರುವಿಗೆ ನೆರವು ಕೊಟ್ಟದ್ದು ಒಂದು, ಅವನು ಬಂದ ಸುದ್ದಿ ಅಧಿಕಾರಿಗಳಿಗೆ ಮುಟ್ಟಿಸದೆ ಇದ್ದದ್ದು ಇನ್ನೊಂದು. ಮೊದಲನೆಯದು ನಿಂತರೆ ವರ್ಷಗಟ್ಟಲೆ ಜೈಲು. ದೋಣಿಯೂ ಸರ್ಕಾರದ್ದಾಗುತ್ತಿತ್ತು.

ನಮ್ಮ ನೆರೆಯಲ್ಲಿದ್ದ ಹಿರಿಯ ವಕೀಲರೊಬ್ಬರು ಕೇಸು ಹಿಡಿಯಲು ಒಪ್ಪಿದರು. ಜಾಮೀನು ಕೇಳಿದೆವು, ಸಿಗಲಿಲ್ಲ. ನಾವಿಕನನ್ನೇ ಸಾಕ್ಷಿಯಾಗಿ ಕರೆಸಬೇಕೆಂದು ಅರ್ಜಿ ಹಾಕಿದೆವು. ಅವನನ್ನು ಆಗಲೇ ಉತ್ತರದ ಯಾವುದೋ ಶಿಬಿರಕ್ಕೆ ಕಳುಹಿಸಿಯಾಗಿದೆ, ಎಲ್ಲಿಗೆಂದು ಹೇಳುವಂತಿಲ್ಲ ಎಂದು ಉತ್ತರ ಬಂತು. ಹಾಗೆ ನಮ್ಮ ಅತ್ಯುತ್ತಮ ಸಾಕ್ಷಿ ಕೈತಪ್ಪಿತು.

ಹಿರಿಯ ವಕೀಲರಿಗೆ ಇದರಿಂದ ಬೇಸರವಾಗಲಿಲ್ಲ. ಅವರ ದಾರಿ ಬೇರೆಯೇ ಇತ್ತು.

"ಮಾರಾಯ, ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?" ಅಂದರು. "ಬಿಳಿ ಚರ್ಮ ಕಂಡಿತು, ಇಂಗ್ಲಿಷಿನವ ಅಂತ ಎಣಿಸಿದೆವು, ಎತ್ತಿದೆವು. ಇಷ್ಟು ಹೇಳಿದ್ರೆ ಮುಗೀತು. ಸ್ಟೇಷನ್ನಿನಲ್ಲಿ ತಂಡೇಲ ಎಂತ ಹೇಳಿದ್ದರೂ ಅದು ಲೆಕ್ಕಕ್ಕೆ ಬರ್ಲಿಕ್ಕಿಲ್ಲ. ಪೊಲೀಸರ ಎದುರಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ ಅಂತ ನಿನಗೆ ನಾನು ಹೇಳ್ಬೇಕಾ?"

ಅವರು ಹೇಳಿದ್ದು ಕಾನೂನಿನ ಪ್ರಕಾರ ಸರಿಯೇ. ನಾವಿಕ ಶತ್ರುವೆಂದು ತಂಡೇಲನಿಗೆ ಗೊತ್ತಿತ್ತು ಎಂಬುದನ್ನು ಸಾಬೀತು ಮಾಡಲು ಸರ್ಕಾರದ ಬಳಿ ತಂಡೇಲನ ಬಾಯಿಯಲ್ಲದೆ ಬೇರೆ ಏನೂ ಇರಲಿಲ್ಲ.

ಕೊಡಿಯಾಲಬೈಲಿನ ಜೈಲಿಗೆ ನಾವಿಬ್ಬರೂ ಹೋದೆವು. ತಂಡೇಲ ಎತ್ತರದ ಆಳು. ಪ್ರಾಯದಲ್ಲಿ ಬೊಂಬಾಯಿಯಿಂದ ಹೊರಡುವ ಹಡಗುಗಳಲ್ಲಿ ಖಲಾಸಿಯಾಗಿ ದುಡಿದು ಊರಿಗೆ ಮರಳಿದ್ದವನು. ಹಡಗಿನ ಇಂಗ್ಲಿಷು ತಕ್ಕಮಟ್ಟಿಗೆ ಅರ್ಥವಾಗುತ್ತಿತ್ತು. ಅವನನ್ನು ನಾನು ನೇರವಾಗಿ ಕೇಳಿದೆ.

"ತಂಡೇಲರೇ, ಅವ ಯಾರು ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹೇಗೆ?"

"ನಮ್ಮ ದೋಣಿ ಕಂಡ ಕೂಡಲೇ ಕೈ ಎರಡೂ ಮೇಲೆತ್ತಿದ. ಮುಳುಗುವವ ಕೈ ಬೀಸ್ತಾನೆ, ಧಣಿ, ಬಾ ಬಾ ಅಂತ. ಇವ ಬೀಸ್ಲಿಲ್ಲ, ಎತ್ತಿದ. ಕೊಲ್ಲಬೇಡಿ ಅಂತ. ನಮ್ಮ ಪಕ್ಷದವ ಆದ್ರೆ ಯಾಕೆ ಹೆದರ್ತಾನೆ? ಹತ್ತಿರ ಹೋದ ಮೇಲೆ ಅವನೇ ಹೇಳಿದ, ಇಟಲಿಯವ ಅಂತ."

"ಮತ್ತೆ ಎತ್ತಿದ್ದು ಯಾಕೆ?"

ಅವನು ನನ್ನ ಮುಖ ನೋಡಿದ. ಪ್ರಶ್ನೆ ಅರ್ಥವಾಗಲಿಲ್ಲವೇನೋ ಎಂದುಕೊಂಡು ಇನ್ನೊಮ್ಮೆ ಕೇಳಿದೆ. "ಬಿಟ್ಟು ಬರ್ಲಿಕ್ಕೆ ಆಗ್ತದಾ?" ಅಂದ.

ಹಿರಿಯ ವಕೀಲರು ತಮ್ಮ ಉಪಾಯವನ್ನು ಅವನಿಗೆ ವಿವರಿಸಿದರು. ಅವನು ತಲೆ ತಗ್ಗಿಸಿ ಕೇಳಿದ. "ನಾನು ಹೇಗಾದ್ರೂ ಹೇಳಿಯೇನು," ಅಂದ. "ಉಳಿದ ಮೂವರಿಂದ ಆಗ್ಲಿಕ್ಕಿಲ್ಲ. ಒಬ್ಬೊಬ್ಬ ಒಂದೊಂದು ಹೇಳ್ತಾರೆ. ಮತ್ತೆ ಬೆಂಗರೆಯಲ್ಲಿ ಎಲ್ಲರಿಗೂ ಗೊತ್ತುಂಟು."

ಆ ಜೈಲಿನ ಅಂಗಳದಲ್ಲೇ ನನಗೆ ಒಂದು ಕಲಮು ನೆನಪಿಗೆ ಬಂದದ್ದು. ಮೊದಲ ಮಹಾಯುದ್ಧಕ್ಕೆ ಮುಂಚೆ ಕಡಲ ರಾಷ್ಟ್ರಗಳೆಲ್ಲ ಸೇರಿ ಒಂದು ಒಪ್ಪಂದ ಮಾಡಿಕೊಂಡಿದ್ದವು. ಅದನ್ನು ಬ್ರಿಟಿಷ್ ಪಾರ್ಲಿಮೆಂಟು ಕಾಯ್ದೆಯಾಗಿ ಅಂಗೀಕರಿಸಿತ್ತು. ಕಡಲಿನಲ್ಲಿ ಪ್ರಾಣಾಪಾಯದಲ್ಲಿರುವ ಪ್ರತಿಯೊಬ್ಬನಿಗೂ, ಅವನು ಚಕ್ರವರ್ತಿಗಳೊಡನೆ ಯುದ್ಧದಲ್ಲಿರುವ ದೇಶದ ಪ್ರಜೆಯೇ ಆಗಿದ್ದರೂ, ನೌಕೆಯನ್ನು ನಡೆಸುವವನು ನೆರವು ಕೊಡತಕ್ಕದ್ದು. ಕೊಡದಿದ್ದರೆ ಅದು ಅಪರಾಧ. ತರಗತಿಯಲ್ಲಿ ಅದನ್ನು ಎರಡು ಮಾತಿನಲ್ಲಿ ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಪರೀಕ್ಷೆಯಲ್ಲಿ ಯಾರೂ ಅದನ್ನು ಕೇಳುವುದಿಲ್ಲ.

ಆದರೆ ಈ ಕಲಮನ್ನು ಹಿಡಿಯಬೇಕಾದರೆ ಅವನು ಶತ್ರುವೆಂದು ಗೊತ್ತಿತ್ತು ಎಂದು ಒಪ್ಪಿಕೊಳ್ಳಬೇಕು. ಗೊತ್ತಿರಲಿಲ್ಲ ಎಂದು ಒಂದು ಬಾಯಿ, ಗೊತ್ತಿದ್ದರೂ ತಪ್ಪಿಲ್ಲ ಎಂದು ಇನ್ನೊಂದು ಬಾಯಿ ಆಡಲಾಗದು. ಒಪ್ಪಿಕೊಂಡ ಮೇಲೆ ನ್ಯಾಯಾಧೀಶರು ನನ್ನ ಕಲಮನ್ನು ಒಪ್ಪದೆ ಹೋದರೆ ನಾಲ್ಕು ಜನರನ್ನು ನಾನೇ ಜೈಲಿಗೆ ನೂಕಿದಂತೆ. ಎರಡೂ ದಾರಿಯನ್ನು, ಎರಡರ ಅಪಾಯವನ್ನು ತಂಡೇಲನ ಎದುರು ಇಟ್ಟೆ. ಅವನು ಆ ಮೂವರನ್ನು ಕರೆದು ಮಾತಾಡಿದ. ನಡೆದದ್ದನ್ನೇ ಹೇಳುವುದೆಂದು ತೀರ್ಮಾನವಾಯಿತು.

ಹೊರಗೆ ಬಂದ ಮೇಲೆ ಹಿರಿಯ ವಕೀಲರು ನಡೆಯುತ್ತಾ ಅಂದರು: "ಇದ್ದದ್ದು ಇದ್ದ ಹಾಗೆ ಹೇಳಿ ಗೆಲ್ಲುವ ಕೇಸು ನಡೆಸಿ ನನಗೆ ಅಭ್ಯಾಸ ಇಲ್ಲ, ಮಾರಾಯ. ಸಿಟ್ಟಲ್ಲಿ ಹೇಳುವುದಲ್ಲ. ನೀನೇ ನಿಲ್ಲು."

ನಾನು ನಿಲ್ಲುವಂತಿರಲಿಲ್ಲ. ಸರ್ಕಾರದ ಸಂಬಳ ತಿನ್ನುವವನು ಸರ್ಕಾರದ ಎದುರು ಕರಿಕೋಟು ತೊಡಬೇಕಾದರೆ ಮೇಲಿನವರ ಅನುಮತಿ ಬೇಕು. ತಂತಿ ಕಳುಹಿಸಿದೆ. ವಿಚಾರಣೆಯ ದಿನ ಹತ್ತಿರವಾದರೂ ಉತ್ತರ ಬರಲಿಲ್ಲ. ಇತ್ತ ಕಲಮು ನನ್ನ ತಲೆಯಲ್ಲಿತ್ತೇ ಹೊರತು ಕೈಯಲ್ಲಿರಲಿಲ್ಲ. ನೆನಪಿನಿಂದ ಒಪ್ಪಿಸಿದ ಕಾನೂನನ್ನು ಯಾವ ಕೋರ್ಟೂ ಕೇಳುವುದಿಲ್ಲ. ನನ್ನ ಪುಸ್ತಕಗಳು ಮೊಳೆ ಹೊಡೆದ ಪೆಟ್ಟಿಗೆಯಲ್ಲಿ ಎಲ್ಲಿದ್ದವೋ. ಮಂಗಳೂರಿನ ವಕೀಲರ ಕಪಾಟುಗಳಲ್ಲಿ ಗೇಣಿ, ಅಳಿಯಸಂತಾನ, ಅಡಮಾನದ ಪುಸ್ತಕಗಳು ಬೇಕಾದಷ್ಟಿದ್ದವು. ಕಡಲಿನ ಕಾನೂನು ಇಟ್ಟವರು ಒಬ್ಬರೂ ಇರಲಿಲ್ಲ.

ಕೊನೆಗೆ ಬಂದರಿನ ಆಫೀಸಿಗೆ ಹೋದೆ. ಅಲ್ಲಿನ ಅಧಿಕಾರಿ ಹಡಗುಗಳಲ್ಲಿ ಪ್ರಾಯ ಸವೆಸಿದ ಬಿಳಿಯ. ಅವರ ಮೇಜಿನ ಹಿಂದಿನ ಕಪಾಟಿನಲ್ಲಿ ಹಡಗು ಸಂಚಾರದ ಕಾಯ್ದೆಗಳ ದಪ್ಪ ಸಂಪುಟ ನನಗೆ ಕಾಣುತ್ತಲೇ ಇತ್ತು. ಕೇಸನ್ನು ವಿವರಿಸಿದೆ. ಅವರು ಕಿಟಕಿಯ ಹೊರಗೆ ನೋಡಿದರು. ಅಲ್ಲಿ ಹೊಳೆಯ ದಡದಲ್ಲೇ ತಂಡೇಲನ ದೋಣಿಯನ್ನು ಕಟ್ಟಿಹಾಕಿದ್ದರು. ಬಿಸಿಲಿಗೆ ಹಲಗೆಗಳ ನಡುವಿನ ಹುರಿಯ ಹೊಲಿಗೆ ಬಾಯಿ ಬಿಡಲು ಶುರುವಾಗಿತ್ತು. ಮಳೆ ಹಿಡಿಯುವ ಮೊದಲು ಎಣ್ಣೆ ಕುಡಿಸಿ ಸೋಗೆಯ ಮಾಡಿನ ಕೆಳಗೆ ಸೇರಿಸದಿದ್ದರೆ ಅದು ಮುಂದಿನ ವರ್ಷಕ್ಕೆ ಸೌದೆ.

"ಪುಸ್ತಕವನ್ನು ನಿಮಗೆ ಕೊಡಲಾರೆ," ಅಂದರು. "ನಾನೂ ಸರ್ಕಾರದವನು. ಕೋರ್ಟಿನಿಂದ ಸಮನ್ಸ್ ತನ್ನಿ. ಪುಸ್ತಕ ಹಿಡಿದುಕೊಂಡು ಬರಲೇಬೇಕಾಗುತ್ತದೆ ನಾನು."

ಸಮನ್ಸಿಗೆ ಅರ್ಜಿ ಹಾಕಿದೆ. ಅರ್ಜಿಯ ಕೆಳಗೆ ವಕೀಲನ ಹೆಸರು ಬೇಕು. ಅನುಮತಿಯ ತಂತಿ ಇನ್ನೂ ಬಂದಿರಲಿಲ್ಲ. ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತೆ. ಪಕ್ಕದಲ್ಲಿ ತಂಡೇಲನ ಹೆಂಡತಿ ನಿಂತಿದ್ದಳು. ಆ ಹೆಸರು ಬರೆಯುವುದಕ್ಕೆ ನಾನು ಯಾಕೆ ತಡಮಾಡುತ್ತಿದ್ದೇನೆಂದು ಅವಳಿಗೆ ತಿಳಿಯುವ ಹಾಗಿರಲಿಲ್ಲ. ಬರೆದೆ.

ವಿಚಾರಣೆ ನಡೆಸಿದ ಮ್ಯಾಜಿಸ್ಟ್ರೇಟರು ತಮಿಳು ಸೀಮೆಯವರು. ಮಾತು ಕಡಿಮೆ. ಸರ್ಕಾರದ ವಕೀಲರನ್ನು ಇದಕ್ಕೆಂದೇ ಮದ್ರಾಸಿನಿಂದ ಕಳುಹಿಸಿದ್ದರು. ಇಬ್ಬರಿಗೂ ತುಳು ಬಾರದು. ಆರೋಪಿಗಳ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ಕೋರ್ಟಿನ ದುಭಾಷಿಯೊಬ್ಬರಿದ್ದರು. ನಮ್ಮ ಊರಿನವರೇ, ಮೃದು ಸ್ವಭಾವದ ನಡುವಯಸ್ಸಿನವರು.

ಬಂದರಿನ ಅಧಿಕಾರಿ ಸಂಪುಟದೊಂದಿಗೆ ಬಂದರು. ಕಲಮನ್ನು ಅವರ ಕೈಯಲ್ಲೇ ಓದಿಸಿದೆ. ಮ್ಯಾಜಿಸ್ಟ್ರೇಟರು ಪುಸ್ತಕ ತರಿಸಿಕೊಂಡು ತಾವೇ ಇನ್ನೊಮ್ಮೆ ಓದಿದರು. ಸರ್ಕಾರದ ವಕೀಲರು ಎದ್ದರು. ಇದು ಹಡಗುಗಳ ಕಾನೂನು, ಹುಟ್ಟು ಹಾಕುವ ಮೀನಿನ ದೋಣಿ ಹಡಗಲ್ಲ ಎಂದರು. ಈ ಆಕ್ಷೇಪ ಬರುತ್ತದೆಂದು ನನಗೆ ಗೊತ್ತಿತ್ತು. ಹಡಗೆಂಬ ಪದದ ವ್ಯಾಖ್ಯೆಯಲ್ಲಿ ಹುಟ್ಟಿನಿಂದ ನಡೆಯುವುದನ್ನು ಬಿಟ್ಟಿದ್ದಾರೆ, ನಿಜ. ಆದರೆ ನನ್ನ ಕಲಮಿನಲ್ಲಿ ಇದ್ದದ್ದು ಹಡಗೆಂಬ ಪದವಲ್ಲ, ನೌಕೆ ಎಂಬುದು. ನೌಕೆ ಎಂದರೆ ಹಡಗೂ ಹೌದು, ದೋಣಿಯೂ ಹೌದು ಎಂದು ಅದೇ ಸಂಪುಟದ ಹಿಂದಿನ ಪುಟಗಳಲ್ಲಿ ಅಚ್ಚಾಗಿತ್ತು.

ಸರ್ಕಾರದ ವಕೀಲರು ವಾದ ಬದಲಿಸಿದರು. ಇದು ಹಳೆಯ ಕಾಯ್ದೆ, ರಕ್ಷಣಾ ನಿಯಮಗಳು ಈ ಯುದ್ಧಕ್ಕಾಗಿ ಬಂದ ಹೊಸವು, ಹೊಸದು ಹಳೆಯದನ್ನು ಮೀರುತ್ತದೆ ಎಂದರು. ಅದಕ್ಕೆ ನಾನು ಕೊಟ್ಟ ಉತ್ತರವನ್ನು ಪ್ರತಿ ವರ್ಷ ತರಗತಿಯಲ್ಲಿ ಹೇಳುವಾಗ ನನ್ನ ಬಾಯಿ ಕಹಿಯಾಗುತ್ತಿತ್ತು. ಭಾರತದಲ್ಲಿ ಮಾಡಿದ ಯಾವ ನಿಯಮವೂ, ಈ ದೇಶಕ್ಕೆ ಅನ್ವಯಿಸುವ ಬ್ರಿಟಿಷ್ ಪಾರ್ಲಿಮೆಂಟಿನ ಕಾಯ್ದೆಗೆ ಎದುರಾದರೆ, ಎದುರಾದಷ್ಟು ಮಟ್ಟಿಗೆ ನಿಲ್ಲದು. ನಮ್ಮ ಕೈಕಟ್ಟಲು ಅವರು ಹೆಣೆದ ಹಗ್ಗವದು. ಆ ದಿನ ಅದರ ಒಂದು ತುದಿ ನನ್ನ ಕೈಯಲ್ಲಿತ್ತು. ಸರ್ಕಾರದ ವಕೀಲರು ಅದನ್ನು ತಪ್ಪೆನ್ನಲು ಹೋದರೆ ತಮ್ಮ ಚಕ್ರವರ್ತಿಗಳ ಪಾರ್ಲಿಮೆಂಟನ್ನೇ ಚಿಕ್ಕದು ಮಾಡಬೇಕಿತ್ತು. ಅವರು ಆ ಮಾತು ಬಿಟ್ಟು ಬಂದರಿನ ಅಧಿಕಾರಿಯ ಕಡೆಗೆ ತಿರುಗಿದರು.

"ನೀವಾಗಿದ್ದರೆ ಆ ಮನುಷ್ಯನನ್ನು ಎತ್ತುತ್ತಿದ್ದಿರಾ?"

"ಖಂಡಿತ."

"ಎತ್ತಿದ ಮೇಲೆ?"

"ದಡ ಮುಟ್ಟಿದ ಕೂಡಲೇ ಅಧಿಕಾರಿಗಳಿಗೆ ತಿಳಿಸುತ್ತಿದ್ದೆ."

"ಒಂದು ದಿನ ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದಿರಾ?"

ಅವರು ನನ್ನ ಕಡೆ ಒಮ್ಮೆ ನೋಡಿದರು. "ಇಲ್ಲ," ಅಂದರು.

ನನ್ನ ಸಾಕ್ಷಿಯಿಂದಲೇ ನನಗೆ ಪೆಟ್ಟು ಬಿತ್ತು. ಕಡಲಲ್ಲಿ ಎತ್ತಿದ್ದಕ್ಕೆ ನನ್ನ ಕಲಮು ರಕ್ಷಣೆ ಕೊಡುತ್ತಿತ್ತು, ಗುಡಿಸಲಿನಲ್ಲಿ ಇಟ್ಟುಕೊಂಡದ್ದಕ್ಕೆ ಅಲ್ಲ. ಸರ್ಕಾರದ ವಕೀಲರು ಅಲ್ಲೇ ಬೆರಳಿಟ್ಟರು: ಇದು ಜೀವ ಉಳಿಸಿದ್ದಲ್ಲ, ಅಡಗಿಸಿದ್ದು. ಎತ್ತಿದ್ದು ಅಡಗಿಸುವುದಕ್ಕಾಗಿಯೇ. ಮ್ಯಾಜಿಸ್ಟ್ರೇಟರು ಮೊದಲ ಬಾರಿಗೆ ಏನೋ ಬರೆದುಕೊಂಡರು.

ಆರೋಪಿ ಪ್ರಮಾಣ ಮಾಡಿ ಸಾಕ್ಷಿ ನುಡಿಯುವ ಪದ್ಧತಿ ಆಗ ಇರಲಿಲ್ಲ. ನ್ಯಾಯಾಧೀಶರು ಕೇಳಬೇಕು, ಅವನು ಹೇಳಬೇಕು. ವಕೀಲ ನಡುವೆ ಬಾಯಿ ಹಾಕುವಂತಿಲ್ಲ. ತಂಡೇಲ ಕಟಕಟೆಯ ಕಂಬಿ ಹಿಡಿದು ನಿಂತ. ಹಿಂದಿನ ಬೆಂಚಿನಲ್ಲಿ ಹಿರಿಯ ವಕೀಲರೂ ಬಂದು ಕೂತಿದ್ದರು.

"ಅವನು ಶತ್ರುದೇಶದವನೆಂದು ನಿನಗೆ ತಿಳಿದಿತ್ತೇ?" ಎಂದು ಮ್ಯಾಜಿಸ್ಟ್ರೇಟರು ಕೇಳಿದರು. ದುಭಾಷಿ ಅದನ್ನು ತುಳುವಿಗೆ ತಂದರು.

ತಂಡೇಲ ಜೈಲಿನಲ್ಲಿ ನನಗೆ ಹೇಳಿದ್ದನ್ನೇ ಹೇಳಿದ. ಕೈ ಎತ್ತಿದ್ದು, ಬೀಸದೆ ಇದ್ದದ್ದು, ಇಟಲಿಯವನೆಂದು ತಾನೇ ಹೇಳಿಕೊಂಡದ್ದು, ಎಲ್ಲವನ್ನೂ. ದುಭಾಷಿ ಇಂಗ್ಲಿಷಿನಲ್ಲಿ ಅಂದರು: "ಅವನು ಕೈ ಎತ್ತಿ ಸಹಾಯ ಬೇಡಿದ. ಯಾವ ದೇಶದವನೆಂದು ತನಗೆ ತಿಳಿಯಲಿಲ್ಲ ಎನ್ನುತ್ತಾನೆ."

ಆ ಮನುಷ್ಯ ಕರುಣೆಯಿಂದ ಹಾಗೆ ಮಾಡಿದ್ದರು, ಅದರಲ್ಲಿ ನನಗೆ ಸಂಶಯವಿರಲಿಲ್ಲ. ಮ್ಯಾಜಿಸ್ಟ್ರೇಟರ ಪೆನ್ನು ಅದನ್ನೇ ಬರೆಯುತ್ತಿತ್ತು. ಸರ್ಕಾರದ ವಕೀಲರ ಮುಖ ಸಣ್ಣದಾಯಿತು. ನಾನು ಬಾಯಿ ಬಿಡದಿದ್ದರೆ ಮೊದಲ ಆರೋಪ ಅಲ್ಲಿಗೇ ಕುಸಿಯುತ್ತಿತ್ತು. ಕೋರ್ಟಿನಲ್ಲಿದ್ದ ತುಳು ಬಲ್ಲ ಪ್ರತಿಯೊಬ್ಬರಿಗೂ ನಡೆದದ್ದು ತಿಳಿದಿತ್ತು. ಯಾರೂ ಕೆಮ್ಮಲೂ ಇಲ್ಲ. ಹಿರಿಯ ವಕೀಲರ ಕಡೆ ತಿರುಗಿದೆ. ಕೂತಿರು ಎಂಬಂತೆ ಅವರು ಕಣ್ಣು ಮುಚ್ಚಿ ತೆರೆದರು.

ತಂಡೇಲನನ್ನು ನೋಡಿದೆ. ಹಡಗಿನ ಇಂಗ್ಲಿಷು ಕಲಿತ ಅವನಿಗೆ ದುಭಾಷಿಯ ಮಾತು ಅರ್ಥವಾಗಿತ್ತು. ಅವನು ನನ್ನನ್ನೇ ನೋಡುತ್ತಾ ಸಣ್ಣಗೆ ತಲೆ ಅಲ್ಲಾಡಿಸಿದ, ಅಲ್ಲ ಎಂದು.

ನಾನು ಎದ್ದೆ. ಆರೋಪಿಯ ಮಾತು ಹೇಳಿದ ಹಾಗೆ ಅನುವಾದವಾಗಿಲ್ಲ, ಇನ್ನೊಮ್ಮೆ ಕೇಳಿ, ಶಬ್ದ ಶಬ್ದವಾಗಿ ದಾಖಲಿಸಬೇಕು ಎಂದು ಬೇಡಿದೆ.

"ಅದರಿಂದ ನಿಮ್ಮ ಕಕ್ಷಿದಾರನಿಗೆ ಅನುಕೂಲವಾಗುತ್ತದೆಯೇ?" ಎಂದು ಮ್ಯಾಜಿಸ್ಟ್ರೇಟರು ಕೇಳಿದರು.

"ಅದು ನನಗೆ ಗೊತ್ತಿಲ್ಲ. ಅವನು ಹೇಳಿದ್ದು ಅದಲ್ಲ, ಅಷ್ಟೇ."

ಹಿಂದಿನ ಬೆಂಚಿನಿಂದ ಒಂದು ನಿಟ್ಟುಸಿರು ಕೇಳಿತು. ತಂಡೇಲ ಮತ್ತೆ ಹೇಳಿದ. ದುಭಾಷಿ ಈ ಸಲ ತಲೆ ಎತ್ತದೆ, ಒಂದೂ ಶಬ್ದ ಬಿಡದೆ ತಿರುಗಿಸಿದರು. ಮ್ಯಾಜಿಸ್ಟ್ರೇಟರು ಬರೆದದ್ದನ್ನು ಹೊಡೆದು ಹಾಕಿ ಮತ್ತೆ ಬರೆದರು. ಬಳಿಕ ಎರಡನೆಯ ಪ್ರಶ್ನೆ: "ಪೊಲೀಸರಿಗೆ ಏಕೆ ತಿಳಿಸಲಿಲ್ಲ?"

"ಹೆದರಿದೆ," ಅಂದ ತಂಡೇಲ. "ಅವನಿಗಾಗಿ ಅಲ್ಲ. ಹೇಳಿದ್ರೆ ದೋಣಿ ಹಿಡಿದುಕೊಂಡು ಹೋಗ್ತಾರೆ ಅಂತ. ಮಳೆ ಬರುವ ಮೊದಲು ಇನ್ನು ಸ್ವಲ್ಪ ದಿನ ಕಡಲಿಗೆ ಇಳಿಯಲಿಕ್ಕೆ ಇತ್ತು. ಅವ ಎದ್ದು ನಡೆಯುವ ಹಾಗೆ ಆದ್ರೆ ಅವನೇ ಹೋಗಿ ಹೇಳಿಕೊಳ್ಳಲಿ ಅಂತ ಎಣಿಸಿದೆ. ದೋಣಿ ಹಿಡಿದುಕೊಂಡು ಹೋದ್ರು, ನಾನು ಎಣಿಸಿದ ಹಾಗೆಯೇ."

ಇದನ್ನು ಹೀಗೆ ಹೇಳಬೇಡಿ ಎಂದು ನಾನು ಮೊದಲೇ ಎಚ್ಚರಿಸಬೇಕಿತ್ತೇನೋ. ಎರಡನೆಯ ಆರೋಪವನ್ನು ಅವನು ತಾನಾಗಿ ಒಪ್ಪಿಕೊಂಡಿದ್ದ. ತೀರ್ಪನ್ನು ಮುಂದಿನ ವಾರಕ್ಕೆ ಇಟ್ಟರು.

ಹೊರಗೆ ಜಗಲಿಯಲ್ಲಿ ದುಭಾಷಿ ನನ್ನನ್ನು ತಡೆದರು. "ಎಂತ ಮಾರಾಯ್ರೆ, ಬಡವರನ್ನು ಬಚಾವು ಮಾಡುವ ಅಂತ ನಾನು ನನ್ನ ಕೆಲಸವನ್ನೇ ಪಣಕ್ಕೆ ಇಟ್ಟೆ. ನೀವು ಎದ್ದು ನಿಂತ್ರಲ್ಲ." ಅವರು ಹೊರಟುಹೋದರು. ಆ ವಾರವಿಡೀ ನಾನು ಊಟದ ಮಣೆಯಲ್ಲಿ ಕೂತು ಅನ್ನ ಕಲಸುತ್ತಿದ್ದದ್ದೇ ಹೆಚ್ಚು. ತಂಡೇಲ ತಲೆ ಅಲ್ಲಾಡಿಸಿದ್ದನ್ನು ನಾನು ಸರಿಯಾಗಿ ಕಂಡೆನೇ, ಅಥವಾ ನನ್ನ ಕಲಮಿನ ಮೇಲಿನ ಮೋಹ ಹಾಗೆ ಕಾಣಿಸಿತೇ ಎಂಬ ಅನುಮಾನ ಬಿಡಲೇ ಇಲ್ಲ. ಮದ್ರಾಸಿನಿಂದ ತಂತಿಯೂ ಬಂತು. ಅನುಮತಿ ಇಲ್ಲ ಎಂದಿತ್ತು.

ತೀರ್ಪು ಚಿಕ್ಕದಾಗಿತ್ತು. ಪಾರ್ಲಿಮೆಂಟಿನ ಕಾಯ್ದೆ ಈ ದೋಣಿಗೂ ಅನ್ವಯಿಸುತ್ತದೆ. ಕಾಯ್ದೆ ಆಜ್ಞಾಪಿಸಿದ್ದನ್ನು ಮಾಡಿದವನು ಶತ್ರುವಿಗೆ ನೆರವು ಕೊಟ್ಟ ಅಪರಾಧಿಯಾಗಲಾರ. ಆಮೇಲೆ ಮ್ಯಾಜಿಸ್ಟ್ರೇಟರು ಅಡಗಿಸಿದ್ದೆಂಬ ಮಾತಿಗೆ ಬಂದರು. ಹೇಳಿಕೆಯ ಮೊದಲ ಭಾಗವನ್ನು ಆರೋಪಿ ತನಗೇ ವಿರುದ್ಧವಾಗಿ ಹೇಳಿದ್ದಾನೆ, ಆದ್ದರಿಂದ ಎರಡನೆಯ ಭಾಗವನ್ನು ನಂಬದಿರಲು ಕಾರಣ ಕಾಣುವುದಿಲ್ಲ ಎಂದು ಓದಿದರು. ಅವನು ಅಡಗಿಸಿದ್ದು ಶತ್ರುವಿನ ಹಿತಕ್ಕಲ್ಲ, ದೋಣಿ ಕೈತಪ್ಪುವ ಭಯಕ್ಕೆ. ಮೊದಲ ಆರೋಪದಿಂದ ನಾಲ್ವರಿಗೂ ಬಿಡುಗಡೆ. ಸುದ್ದಿ ಮುಟ್ಟಿಸದ ತಪ್ಪಿಗೆ ತಂಡೇಲನೊಬ್ಬನಿಗೆ ಶಿಕ್ಷೆ: ಆ ದಿನ ಕೋರ್ಟು ಏಳುವವರೆಗೆ ಸಜೆ. ದೋಣಿಯನ್ನು ಹಿಂದಕ್ಕೆ ಕೊಡತಕ್ಕದ್ದು.

ತಂಡೇಲ ಕಟಕಟೆಯ ಪಕ್ಕದ ನೆಲದ ಮೇಲೆ ಗೋಡೆಗೆ ಒರಗಿ ಕೂತ. ಬೇರೆ ಕೇಸುಗಳು ಬಂದವು, ಹೋದವು. ಅವನಿಗೆ ನಿದ್ದೆ ಹತ್ತಿತು. ಸಂಜೆ ಮ್ಯಾಜಿಸ್ಟ್ರೇಟರು ಎದ್ದು ಒಳಗೆ ಹೋದಾಗ ದುಭಾಷಿಯೇ ಹೋಗಿ ಅವನ ಭುಜ ಮುಟ್ಟಿ ಎಬ್ಬಿಸಿದರು. ನನ್ನ ಕಡೆಗೆ ಅವರು ನೋಡಲಿಲ್ಲ. ನಂತರದ ವರ್ಷಗಳಲ್ಲಿ ಎದುರು ಸಿಕ್ಕಿದಾಗ ನಮಸ್ಕಾರ ಹೇಳುತ್ತಿದ್ದರು, ಅಷ್ಟೇ.

ನನ್ನಿಂದ ವಿವರಣೆ ಕೇಳಿ ಮದ್ರಾಸಿನಿಂದ ಪತ್ರ ಬಂತು. ಬರೆದು ಕಳುಹಿಸಿದೆ. ಅದು ಅವರಿಗೆ ಸಾಲಲಿಲ್ಲ; ಕೆಲಸ ಹೋಯಿತು. ಯುದ್ಧ ಮುಗಿಯುವವರೆಗೆ ನಾನು ಮಂಗಳೂರಿನಲ್ಲೇ ಗೇಣಿಯ, ಅಡಮಾನದ ಕೇಸುಗಳನ್ನು ಹಿಡಿದುಕೊಂಡಿದ್ದೆ. ಮತ್ತೆ ಪಾಠದ ಮೇಜಿನ ಹಿಂದೆ ನಿಂತದ್ದು ಬಹಳ ತಡವಾಗಿ.

ದೋಣಿ ಬಿಡಿಸಿಕೊಂಡ ದಿನ ಬೆಂಗರೆಗೆ ಹೋಗಿದ್ದೆ. ಪಡುವಣದಲ್ಲಿ ಮೋಡ ಕಟ್ಟಿ ನಿಂತಿತ್ತು. ಹತ್ತಾರು ಜನ ಸೇರಿ ದೋಣಿಯನ್ನು ಮರಳಿನ ಮೇಲೆ ಎಳೆಯುತ್ತಿದ್ದರು. ಹೆಂಗಸರು ಮೀನೆಣ್ಣೆಯ ಮಡಕೆ ತಂದಿಟ್ಟಿದ್ದರು. ತಂಡೇಲ ನನ್ನನ್ನು ಕಂಡು ಹಗ್ಗ ಬಿಟ್ಟು ಬಂದ. ಕೃತಜ್ಞತೆಯ ಮಾತು ಅವನಿಂದ ಬರಲಿಲ್ಲ. ಅವನ ತಲೆಯಲ್ಲಿ ಬೇರೆ ಏನೋ ಇತ್ತು.

"ಧಣಿ, ಒಂದು ಮಾತು ಕೇಳ್ಲಿಕ್ಕೆ ಉಂಟು. ಇನ್ನೊಮ್ಮೆ ಹೀಗೆ ಯಾರಾದ್ರೂ ಸಿಕ್ಕಿದ್ರೆ ಎಂತ ಮಾಡುವುದು?"

"ಎತ್ತಲೇಬೇಕು ತಂಡೇಲರೇ. ಕಾನೂನೇ ಹಾಗುಂಟು."

"ಎತ್ತುವುದು ಬಿಡಿ, ಅದನ್ನು ಯಾರು ಕೇಳಿದ್ದು? ಸ್ಟೇಷನ್ನಿಗೆ ಯಾವಾಗ ಹೇಳ್ಬೇಕು?"

"ಕೂಡಲೇ."

"ಕೂಡಲೇ ಅಂದ್ರೆ? ಗಂಜಿ ಕೊಟ್ಟ ಮೇಲೆಯಾ, ಮೊದಲಾ?"

ಸ್ವಲ್ಪ ಯೋಚಿಸಿ, ಗಂಜಿ ಕೊಟ್ಟ ಮೇಲೆ ಎಂದೆ. ಎಣ್ಣೆಯ ಮಡಕೆಯ ಹತ್ತಿರ ಕೂತಿದ್ದ ಅವನ ಹೆಂಡತಿಗೆ ಈ ಉತ್ತರ ಒಪ್ಪಿಗೆಯಾಗಲಿಲ್ಲ.

"ಅಷ್ಟು ಹೊತ್ತು ಯಾಕೆ?" ಅಂದಳು. "ಗಂಜಿ ಬೇಯುವಷ್ಟರಲ್ಲಿ ನಾನೇ ಹೊಳೆ ದಾಟಿ ಹೇಳಿ ಬರ್ತೇನೆ. ಪೊಲೀಸರು ಬಂದು ಮುಟ್ಟುವಾಗ ಅವನದ್ದು ಉಂಡೂ ಆಗಿರ್ತದೆ."